ಮೂರನೆಯ ಕುಂಡಲಿ

ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟಗಳಲ್ಲಿ ತಲೆಮಾರುಗಳಿಂದ ನೆಲೆನಿಂತಿರುವ ಕನ್ನಡ ಕುಟುಂಬಗಳಲ್ಲಿ ಮಗನಿಗೋ ಮಗಳಿಗೋ ವಿವಾಹಯೋಗ್ಯವಾದ ವಯಸ್ಸು ಪ್ರಾಪ್ತವಾಯಿತೆಂದರೆ, ಬಂಧುಗಳಲ್ಲಿ ಮಾತು ಹೊರಡುವುದಕ್ಕೂ ಮೊದಲು, ದೇವರ ಮನೆಯ ಗೂಡಿನಿಂದಲೋ ಟ್ರಂಕಿನ ತಳದಿಂದಲೋ ಅವರ ಜನ್ಮಪತ್ರಿಕೆ ಹೊರಕ್ಕೆ ಬರುತ್ತದೆ. ನಾಲ್ಕು ಮೂಲೆಗಳಿಗೂ ಅರಿಶಿನ ಹಚ್ಚಿದ ಆ ಕಾಗದದ ನೆತ್ತಿಯಲ್ಲಿ ಶ್ರೀಕಾರ. ಅದರ ಕೆಳಗೆ ಶಾಲಿವಾಹನ ಶಕ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳ ಸಾಲು. ಸೂರ್ಯೋದಯದಿಂದ ಎಷ್ಟು ಘಟಿ, ಎಷ್ಟು ವಿಘಟಿ ಕಳೆದ ಮೇಲೆ ಶಿಶು ಜನಿಸಿತೆಂಬ ಲೆಕ್ಕ. ಆಮೇಲೆ ಹನ್ನೆರಡು ಮನೆಗಳ ಎರಡು ಚೌಕಗಳು, ಒಂದು ರಾಶಿಕುಂಡಲಿ, ಇನ್ನೊಂದು ನವಾಂಶ. ಇಂಥದೇ ಇನ್ನೊಂದು ಕಾಗದ ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬೀದರಿನಿಂದಲೋ ಬರುತ್ತದೆ. ಈ ಮೂರು ಜಿಲ್ಲೆಗಳೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವಾದ್ದರಿಂದ, ಭಾಷಾವಾರು ಪ್ರಾಂತಗಳ ಗೆರೆ ನಡುವೆ ಬಿದ್ದರೂ ಕೊಡು-ತರುವ ಸಂಬಂಧ ಕಡಿದುಹೋಗಲಿಲ್ಲ. ವಾಡಿಯ ಮಾರ್ಗವಾಗಿ ಓಡಾಡುವ ರೈಲುಗಳಲ್ಲಿ ಲಗ್ನದ ಮಾತು ಕೇಳಿಬರದ ದಿನ ಇಂದಿಗೂ ವಿರಳ.

ಎರಡು ಕಾಗದಗಳು ಒಂದು ಚಾಪೆಯ ಮೇಲೆ ಬಂದು ಕೂಡಿದಲ್ಲಿ ನಡೆಯತಕ್ಕ ಕಾರ್ಯಕ್ಕೆ ಸಾಲಾವಳಿ ನೋಡುವುದೆಂದು ಹೆಸರು. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8: ಹೀಗೆ ಎಂಟು ಕೂಟಗಳಿಗೆ ಒಟ್ಟು 36 ಗುಣಗಳು, ಅವುಗಳಲ್ಲಿ 18 ಕೂಡಿದರೆ ಸಂಬಂಧ ಮುಂದುವರಿಯಬಹುದು, ಕೂಡದಿದ್ದರೆ ಪತ್ರಿಕೆಯನ್ನು ಹಿಂದಕ್ಕೆ ಕಳುಹಿಸತಕ್ಕದ್ದು. ಈ ವ್ಯವಸ್ಥೆಯ ಬಗೆಗೆ ನನಗೆ ಅನಾದರವಿಲ್ಲ. ಕಾಶಿಯಲ್ಲಿ 1600ರಲ್ಲಿ ರಾಮದೈವಜ್ಞನು ಮುಹೂರ್ತಚಿಂತಾಮಣಿಯನ್ನು ರಚಿಸುವ ವೇಳೆಗೆ ಇದು ಸಾಂಗವಾಗಿ ಬೆಳೆದು ನಿಂತಿತ್ತು. ಕನ್ನಡಕ್ಕಾದರೆ ಜ್ಯೋತಿಷದ ನಂಟು ಅದಕ್ಕಿಂತ ಐದು ಶತಮಾನಗಳಿಗೂ ಮಿಕ್ಕಿ ಹಳೆಯದು: ಶ್ರೀಧರಾಚಾರ್ಯನ ಜಾತಕತಿಲಕ 1049ರದು. ಆಗ ಆಳುತ್ತಿದ್ದವನು ಚಾಲುಕ್ಯ ಆಹವಮಲ್ಲ ಸೋಮೇಶ್ವರ. ಅವನ ರಾಜಧಾನಿಯಾದ ಕಲ್ಯಾಣವೂ ಮುಂದೆ ಇದೇ ಹೈದರಾಬಾದ್ ರಾಜ್ಯದೊಳಗಿನ ಊರಾಯಿತು. ಇಷ್ಟು ದೀರ್ಘವಾದ ವಿದ್ಯಾಪರಂಪರೆಯೊಂದನ್ನು ಒಂದು ಮಾತಿನಲ್ಲಿ ತಳ್ಳಿಹಾಕುವುದು ಸಲ್ಲದು. ಆದರೆ ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಅರಿಯದೆ ಅದರ ಕೈಯಲ್ಲಿ ಒಂದು ಬಾಳನ್ನು ಇಡುವುದೂ ಅಷ್ಟೇ ಸಲ್ಲದು.

ಎಂಟು ಕೂಟಗಳೂ ಚಂದ್ರನೊಬ್ಬನ ಮೇಲೆ ನಿಂತಿವೆ. ಜನ್ಮಕಾಲದಲ್ಲಿ ಚಂದ್ರನು ಯಾವ ನಕ್ಷತ್ರದಲ್ಲಿ, ಯಾವ ರಾಶಿಯಲ್ಲಿ ಇದ್ದನೆಂಬುದರ ಹೊರತು ಇನ್ನಾವ ಸಂಗತಿಯನ್ನೂ ಈ ಲೆಕ್ಕ ಕೇಳುವುದಿಲ್ಲ. ಶುಕ್ರನಾಗಲಿ ಲಗ್ನವಾಗಲಿ ಸಪ್ತಮಭಾವವಾಗಲಿ ಇಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಚಂದ್ರನು ಒಂದು ನಕ್ಷತ್ರವನ್ನು ದಾಟುವುದಕ್ಕೆ ಸುಮಾರು ಒಂದು ದಿವಸ ಹಿಡಿಯುತ್ತದೆಯಾದ್ದರಿಂದ, ಪೇಟ್ಲಬುರ್ಜಿನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ, ಸಂಧಿಕಾಲವೊಂದನ್ನು ಬಿಟ್ಟರೆ, ಮುಂದೊಂದು ದಿನ ಒಂದೇ ವರನೊಡನೆ ಒಂದೇ ಸಂಖ್ಯೆಯ ಗುಣಗಳನ್ನು ಪಡೆಯುತ್ತಾರೆ. ಅತ್ಯಧಿಕವಾದ ಎಂಟು ಗುಣಗಳನ್ನು ಹೊತ್ತ ನಾಡಿಕೂಟವನ್ನೇ ನೋಡಿ: 27 ನಕ್ಷತ್ರಗಳನ್ನು ಆದಿ, ಮಧ್ಯ, ಅಂತ್ಯ ಎಂದು ಒಂಬತ್ತೊಂಬತ್ತಾಗಿ ಹಂಚಿ, ವಧೂವರರಿಬ್ಬರದೂ ಒಂದೇ ನಾಡಿಯಾದರೆ ಸೊನ್ನೆ ಎಂದಿದ್ದಾರೆ. ಅಂದಮೇಲೆ ಯಾರನ್ನು ಯಾರೊಡನೆ ಕೂಡಿಸಿದರೂ ಮೂರರಲ್ಲಿ ಒಂದು ಜೋಡಿಗೆ ಏಕನಾಡಿ ದೋಷ ಬಂದೇ ಬರುತ್ತದೆ. ಕುಜದೋಷದ್ದು ಇನ್ನೂ ವಿಸ್ಮಯಕರವಾದ ಲೆಕ್ಕ. ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಕೆಲವರು ಲಗ್ನವನ್ನೂ ಸೇರಿಸುವುದುಂಟು, ಆಗ ಹನ್ನೆರಡರಲ್ಲಿ ಆರು ಮನೆಗಳಾದುವು, ಅಂದರೆ ಮನುಷ್ಯಕುಲದ ಅರ್ಧಪಾಲು ದೋಷಿಗಳಾದರು. ಲಗ್ನದಿಂದ ಮಾತ್ರವಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸತೊಡಗಿದರೆ ನಿರ್ದೋಷಿಗಳನ್ನು ಹುಡುಕುವುದೇ ಪ್ರಯಾಸ.

ಇಷ್ಟು ವ್ಯಾಪಕವಾದ ದೋಷ ಎಲ್ಲರ ಪಾಲಿಗೂ ಸಮನಾಗಿ ಬಂದಿದ್ದರೆ ಯಾರಿಗೂ ಅದರ ಭಾರ ತಿಳಿಯುತ್ತಿರಲಿಲ್ಲ. ವ್ಯವಹಾರದಲ್ಲಿ ಅದು ಹೆಣ್ಣಿನ ಕಡೆಗೇ ಜಾರುತ್ತದೆಂಬುದು ನನ್ನ ಮುಖ್ಯವಾದ ಆಕ್ಷೇಪಣೆ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗಾಗದು, ಆಶ್ಲೇಷೆಯವಳು ಅತ್ತೆಗಾಗದು, ಜ್ಯೇಷ್ಠೆಯವಳು ಭಾವನಿಗಾಗದು, ವಿಶಾಖೆಯವಳು ಮೈದುನನಿಗಾಗದು ಎಂಬ ನಾಲ್ಕು ವಾಕ್ಯಗಳು ನಮ್ಮ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಳನ್ನು ಹಿಂಡಿವೆಯೆಂಬುದನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ನಲ್ಲಕುಂಟದಲ್ಲಿ ನನಗೆ ಪರಿಚಿತರಾದ ಆಚಾರ್ಯರೊಬ್ಬರಿದ್ದಾರೆ. ಸಂಸ್ಕೃತದ ಅಧ್ಯಾಪಕರಾಗಿದ್ದು ನಿವೃತ್ತರಾದವರು, ಮೂಲತಃ ಕಲಬುರಗಿಯ ಕಡೆಯವರು, ಜಾತಕ ನೋಡುವುದಕ್ಕೆ ದಕ್ಷಿಣೆಯನ್ನು ಬಾಯಿಬಿಟ್ಟು ಕೇಳದವರು. ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದಾಗ ಮಲಕ್‌ಪೇಟೆಯಿಂದ ಒಬ್ಬ ತಾಯಿ ಬಂದರು. ಪತ್ರಿಕೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ಮುಂದಿಡುವ ಮೊದಲೇ ಅವರ ಕಣ್ಣು ತುಂಬಿತ್ತು.

“ಏನ್ ಮಾಡ್ಲಿರಿ ಆಚಾರ್ರೇ, ನಾಕು ಕಡಿ ಮಾತು ಕೂಡಿ ಬಂತು. ಹುಡುಗಿದು ಮೂಲಾ ಅಂದ ಕೂಡ್ಲೇ ನಾಕೂ ಕಡಿ ಪತ್ರಿಕಿ ತಿರುಗಿ ಕಳಿಸಿದ್ರು. ಆಕಿ ಓದ್ಯಾಳ, ನೌಕ್ರಿ ಮಾಡ್ತಾಳ. ಆಕಿದೇನು ತಪ್ಪು?”

ಆಚಾರ್ಯರು ಪಂಚಾಂಗವನ್ನು ತೆರೆದು, ವಿವಾಹಕ್ಕೆ ಪ್ರಶಸ್ತವಾದ ನಕ್ಷತ್ರಗಳ ಪಟ್ಟಿಯ ಮೇಲೆ ಬೆರಳಿಟ್ಟು ಓದಿಸಿದರು: ರೋಹಿಣಿ, ಮೃಗಶಿರಾ, ಮಘಾ, ಉತ್ತರಾ, ಹಸ್ತಾ, ಸ್ವಾತಿ, ಅನೂರಾಧಾ, ಮೂಲಾ. “ತಾಯೀ, ತಾಳಿ ಕಟ್ಟೂದಕ್ಕ ಮೂಲಾ ಬರ್ತದಂತ ಋಷಿಗಳೇ ಹೇಳ್ಯಾರ. ಆ ನಕ್ಷತ್ರದಾಗ ಲಗ್ನ ಮಾಡಿದ್ರ ಮಂಗಲ, ಹುಟ್ಟಿದ್ರ ಅಮಂಗಲ ಅನ್ನೂದು ಹ್ಯಾಂಗ ಆದೀತು? ಹಂಗಂತ ಅವರಿಗೆ ನಾ ಹೇಳಿದೆ ಅಂತ ಹೇಳ್ರಿ.” ಆ ತಾಯಿ ಎಷ್ಟರಮಟ್ಟಿಗೆ ಸಮಾಧಾನಗೊಂಡರೋ ನಾನರಿಯೆ, ಆದರೆ ಮೂಲಾ ಎಂಬ ಶಬ್ದವನ್ನು ಅವರು ಪಟ್ಟಿಯಲ್ಲಿ ಎರಡು ಬಾರಿ ಓದಿಕೊಂಡುದನ್ನು ಕಂಡೆ.

ಇದೇ ಆಚಾರ್ಯರ ಮನೆಯಲ್ಲಿಯೇ ನಾನು ಮೊದಲ ಬಾರಿಗೆ ಸಂಯುಕ್ತ ಕುಂಡಲಿಯೊಂದನ್ನು ನೋಡಿದ್ದು. ಅಮೆರಿಕದಲ್ಲಿರುವ ಅವರ ಮಗ ತಂದೆತಾಯಿಗಳ ಜನ್ಮವಿವರಗಳನ್ನು ಒಂದು ಗಣಕಯಂತ್ರದ ಕಾರ್ಯಕ್ರಮಕ್ಕೆ ಕೊಟ್ಟು, ಹೊರಬಂದ ಹಾಳೆಯನ್ನು ಕಳುಹಿಸಿಕೊಟ್ಟಿದ್ದ. ಮೇಲೆ ಎರಡು ಹೆಸರುಗಳು, ಕೆಳಗೆ ಒಂದೇ ಒಂದು ಕುಂಡಲಿ. ಅದರಲ್ಲಿ ಒಬ್ಬ ಸೂರ್ಯ, ಒಬ್ಬ ಚಂದ್ರ, ಒಬ್ಬ ಕುಜ, ಒಂದು ಲಗ್ನ. ವೃತ್ತಾಕಾರವಾಗಿದ್ದ ಆ ಚಿತ್ರವನ್ನು ಆಚಾರ್ಯರು ನಮ್ಮ ಪದ್ಧತಿಯ ಚೌಕಕ್ಕೆ ಪೆನ್ಸಿಲಿನಿಂದ ಬರೆದುಕೊಂಡು, ಅಯನಾಂಶವನ್ನು ಕಳೆದು, ಹಲವು ದಿನ ಅದರ ಮೇಲೆ ಚಿಂತನೆ ನಡೆಸಿದ್ದರು.

ಎರಡು ಜಾತಕಗಳನ್ನು ಎದುರುಬದುರಿಟ್ಟು ತೂಗಿ ನೋಡುವ ಕ್ರಮ ಪಶ್ಚಿಮದಲ್ಲಿಯೂ ಪ್ರಾಚೀನವಾದುದೇ. ಎರಡನೆಯ ಶತಮಾನದ ಟಾಲೆಮಿಯ ಗ್ರಂಥದಲ್ಲಿ ವಿವಾಹವನ್ನು ಕುರಿತ ಅಧ್ಯಾಯವೇ ಉಂಟು. ಎರಡನ್ನು ಬೆರೆಸಿ ಮೂರನೆಯದೊಂದನ್ನು ಹುಟ್ಟಿಸುವುದು ಮಾತ್ರ ಇತ್ತೀಚಿನದು. ಎರಡು ಗ್ರಹಗಳ ನಡುವಣ ಮಧ್ಯಬಿಂದುವಿಗೆ ಅರ್ಥವುಂಟೆಂಬ ವಿಚಾರವನ್ನು ಜರ್ಮನಿಯ ಹ್ಯಾಂಬುರ್ಗ್ ನಗರದಲ್ಲಿ ಆಲ್ಫ್ರೆಡ್ ವಿಟ್ಟೆ ಎಂಬಾತನೂ ಅವನ ಸಂಗಡಿಗರೂ 1920ರ ದಶಕದಲ್ಲಿ ಬೆಳೆಸಿದರು. ಅದನ್ನು ದಂಪತಿಗಳಿಗೆ ಅನ್ವಯಿಸುವ ಕ್ರಮವನ್ನು ಅಮೆರಿಕದ ಜಾನ್ ಟೌನ್‌ಲಿ 1973ರಲ್ಲಿಯೂ, ರಾಬರ್ಟ್ ಹ್ಯಾಂಡ್ 1975ರಲ್ಲಿಯೂ ಪುಸ್ತಕಗಳ ಮೂಲಕ ಪ್ರಚುರಪಡಿಸಿದರು. ವಿಧಾನ ಸರಳವಾದುದು. ಗಂಡನ ಸೂರ್ಯ ಮೇಷದ 10ನೆಯ ಅಂಶದಲ್ಲಿ, ಹೆಂಡತಿಯ ಸೂರ್ಯ ಮಿಥುನದ 20ನೆಯ ಅಂಶದಲ್ಲಿ ಇದ್ದರೆ, ಅವೆರಡರ ನಟ್ಟನಡುವೆ ವೃಷಭದ 15ನೆಯ ಅಂಶದಲ್ಲಿ ದಾಂಪತ್ಯದ ಸೂರ್ಯನನ್ನು ಇಡುವುದು; ಹಾಗೆಯೇ ಚಂದ್ರನಿಗೆ ಚಂದ್ರ, ಶುಕ್ರನಿಗೆ ಶುಕ್ರ, ಲಗ್ನಕ್ಕೆ ಲಗ್ನ. ವೃತ್ತದ ಮೇಲಿನ ಎರಡು ಬಿಂದುಗಳಿಗೆ ಮಧ್ಯವೂ ಎರಡಿರುವುದರಿಂದ, ಸಮೀಪದ್ದನ್ನು ಆರಿಸತಕ್ಕದ್ದೆಂಬುದು ನಿಯಮ. ಹೀಗೆ ರಚಿತವಾದ ಕುಂಡಲಿ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ; ಅವರಿಬ್ಬರ ನಡುವೆ ಹುಟ್ಟಿದ ಸಂಬಂಧವೆಂಬ ಮೂರನೆಯ ಜೀವಕ್ಕೆ ಇದು ಜಾತಕವೆಂದು ಅದರ ಪ್ರತಿಪಾದಕರ ಅಭಿಪ್ರಾಯ.

ಇದಕ್ಕೆ ಒಂದು ಪಾಠಾಂತರವೂ ಉಂಟು. ಇಂಗ್ಲೆಂಡಿನ ರೊನಾಲ್ಡ್ ಡೇವಿಸನ್ 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗ್ರಹಗಳನ್ನು ಬಿಟ್ಟು ಕಾಲದೇಶಗಳಿಗೇ ಮಧ್ಯವನ್ನು ಹುಡುಕಿದ. ಇಬ್ಬರ ಜನ್ಮಕಾಲಗಳ ನಡುವಣ ಕ್ಷಣವೊಂದನ್ನೂ, ಇಬ್ಬರ ಜನ್ಮಸ್ಥಳಗಳ ಅಕ್ಷಾಂಶ ರೇಖಾಂಶಗಳ ನಡುವಣ ಸ್ಥಳವೊಂದನ್ನೂ ಕಂಡುಹಿಡಿದು, ಆ ಕ್ಷಣದಲ್ಲಿ ಆ ಸ್ಥಳದ ಮೇಲಿದ್ದ ಆಕಾಶಕ್ಕೆ ಕುಂಡಲಿ ಬರೆಯುವುದು ಆತನ ಮಾರ್ಗ. ವರ ಹೈದರಾಬಾದಿನವನು, ವಧು ಕಲಬುರಗಿಯವಳು ಎಂದಿಟ್ಟುಕೊಂಡರೆ ಈ ಮಧ್ಯಸ್ಥಳ ಎಲ್ಲಿ ಬಿದ್ದೀತೆಂದು ನಾನು ಭೂಪಟವನ್ನು ಹರಡಿಕೊಂಡು ನೋಡಿದೆ. ಅದು ತಾಂಡೂರಿನ ಮಗ್ಗುಲಿಗೇ ಬಂದು ಬಿತ್ತು. ಹಾಸುಗಲ್ಲಿಗೂ ತೊಗರಿಗೂ ಹೆಸರಾದ ತಾಂಡೂರು! ತೆಲುಗೂ ಕನ್ನಡವೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಊರು. ಗಂಡಹೆಂಡಿರಿಬ್ಬರೂ ತೌರಿಗೂ ಅತ್ತೆಮನೆಗೂ ಓಡಾಡುವಾಗ ರೈಲಿನ ಕಿಟಕಿಯಿಂದ ನೂರು ಬಾರಿ ನೋಡಿರಬಹುದಾದ, ಒಂದು ಬಾರಿಯೂ ಇಳಿದಿರಲಾರದ ಊರು. ಅವರ ದಾಂಪತ್ಯದ ಜನ್ಮಸ್ಥಾನ ಅಲ್ಲಿದೆಯೆಂಬುದು ಶಾಸ್ತ್ರವಾಗಿ ಎಷ್ಟು ನಿಂತೀತೋ, ಹೈದರಾಬಾದಿನ ಕನ್ನಡಿಗರ ಜೀವನವೃತ್ತಾಂತವಾಗಿ ಮಾತ್ರ ಅದು ನನಗೆ ತೀರ ನಿಜವೆಂದು ತೋರಿತು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಬುಧನು ಸೂರ್ಯನಿಂದ 28 ಅಂಶಗಳಿಗಿಂತ ಹೆಚ್ಚು ದೂರ ಸರಿಯಲಾರನು, ಶುಕ್ರನು 47 ಅಂಶಗಳನ್ನು ಮೀರಲಾರನು. ಇದು ಭೂಮಿಯಿಂದ ನೋಡುವವರಿಗೆ ಆಕಾಶವು ವಿಧಿಸಿರುವ ನಿಯಮ. ಈಗ ಗಂಡನ ಸೂರ್ಯ ಮೇಷದ ಆದಿಯಲ್ಲಿ, ಬುಧ ಮೀನದ 15ರಲ್ಲಿ ಇರಲಿ. ಹೆಂಡತಿಯ ಸೂರ್ಯ ಕನ್ಯೆಯ 20ರಲ್ಲಿ, ಬುಧ ತುಲೆಯ 10ರಲ್ಲಿ ಇರಲಿ. ಎರಡೂ ಸರ್ವಸಾಧಾರಣವಾದ ಜಾತಕಗಳು. ನಿಯಮದಂತೆ ಸಮೀಪದ ಮಧ್ಯವನ್ನು ತೆಗೆದರೆ ಸಂಯುಕ್ತ ಸೂರ್ಯ ಮಿಥುನದ 25ರಲ್ಲಿ ಬಂದ. ಸಂಯುಕ್ತ ಬುಧನಾದರೋ ಧನುಸ್ಸಿನ ಇಪ್ಪತ್ತೇಳೂವರೆಯಲ್ಲಿ ಕುಳಿತ. ಸೂರ್ಯನಿಗೆ ಬುಧ ಎದುರುಬದುರು! ಸೃಷ್ಟಿಯ ಆದಿಯಿಂದ ಒಮ್ಮೆಯೂ ಆಗದ, ಇನ್ನು ಮುಂದೆಯೂ ಆಗಲಾರದ ಸಂಗತಿ ಈ ಕಾಗದದ ಮೇಲೆ ಆಗಿಹೋಯಿತು. ಅಂದಮೇಲೆ ಸಂಯುಕ್ತ ಕುಂಡಲಿಯು ಯಾವ ಆಕಾಶದ ಚಿತ್ರವೂ ಅಲ್ಲ. ಅದರಲ್ಲಿ ಶನಿಯ ಸ್ಥಾನವೂ ವಿಶೇಷವಾಗಿ ಆ ದಂಪತಿಗಳದಲ್ಲ. ರಾಶಿಚಕ್ರವನ್ನು ಸುತ್ತುವುದಕ್ಕೆ ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುವ ಆ ಮಂದಗಾಮಿಯು ಸಮಾನವಯಸ್ಕರಾದ ಸಾವಿರಾರು ಜೋಡಿಗಳ ಕುಂಡಲಿಗಳಲ್ಲಿ ಒಂದೇ ರಾಶಿಯಲ್ಲಿ ಇರುತ್ತಾನೆ. ಲಗ್ನವೊಂದೇ ಅವನನ್ನು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಭಾವಕ್ಕೆ ಹಾಕುವುದು; ಆ ಲಗ್ನವೋ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಅಂಶದಂತೆ ಓಡುತ್ತದೆ, ಹಳ್ಳಿಯ ಮನೆಯಲ್ಲಿ ಬಿಸಿಲು ನೋಡಿ ಬರೆದಿಟ್ಟ ಜನ್ಮವೇಳೆ ಒಂದು ಗಂಟೆ ತಪ್ಪಿದರೆ ಸಂಯುಕ್ತ ಲಗ್ನ ಅರ್ಧ ರಾಶಿಯ ಅರ್ಧದಷ್ಟು ಪಲ್ಲಟವಾಗುತ್ತದೆ.

ಅನುಭವದ ಪರೀಕ್ಷೆಯಲ್ಲಿಯೂ ಜಾತಕಗಳ ಹೊಂದಾಣಿಕೆಗೆ ಪುಷ್ಟಿ ದೊರೆತಿಲ್ಲ. ಮನಶ್ಶಾಸ್ತ್ರಜ್ಞನಾದ ಕಾರ್ಲ್ ಯೂಂಗ್ 483 ದಂಪತಿಗಳ ಜಾತಕಗಳನ್ನು ಮೂರು ಕಂತುಗಳಲ್ಲಿ ಪರಿಶೀಲಿಸಿ 1952ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮೊದಲ ಕಂತಿನಲ್ಲಿ ಪತ್ನಿಯ ಚಂದ್ರ ಪತಿಯ ಸೂರ್ಯನೊಡನೆ ಕೂಡುವುದು ಮೇಲುಗೈ ಪಡೆದರೆ ಎರಡನೆಯದರಲ್ಲಿ ಚಂದ್ರನೊಡನೆ ಚಂದ್ರ, ಮೂರನೆಯದರಲ್ಲಿ ಲಗ್ನದೊಡನೆ ಚಂದ್ರ, ಹೀಗೆ ಬೇರೆಬೇರೆ ಯೋಗಗಳು ಮುಂದೆ ಬಂದುವು. ಎಲ್ಲವನ್ನೂ ಕೂಡಿಸಿದಾಗ ವಿಶೇಷವೇನೂ ಉಳಿಯಲಿಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವೋಸ್ 2007ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ 2001ರ ಜನಗಣತಿಯ ಒಂದು ಕೋಟಿ ದಂಪತಿಗಳನ್ನು ತೆಗೆದುಕೊಂಡು, ಸೂರ್ಯರಾಶಿಗೂ ಸಂಗಾತಿಯ ಆಯ್ಕೆಗೂ ಯಾವ ಸಂಬಂಧವೂ ಕಾಣದೆಂದು ತೋರಿಸಿದ.

ಹೈದರಾಬಾದಿಗೆ ಈ ವಿವಾದ ಹೊಸದಲ್ಲ. ಈ ನಗರದ ಉದರದಲ್ಲಿ ಎರಡು ಆಕಾಶಗಳು ಬಹುಕಾಲದಿಂದ ಒಟ್ಟಿಗೆ ಬದುಕಿವೆ. ನವಾಬ್ ಜಫರ್ ಜಂಗ್ 1901ರಲ್ಲಿ ತನ್ನ ಎಸ್ಟೇಟಿನಲ್ಲಿ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯ 1908ರಲ್ಲಿ ಬೇಗಂಪೇಟೆಗೆ ಬಂದು, 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಜಗತ್ತಿನ ವೀಕ್ಷಣಾಲಯಗಳೆಲ್ಲ ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಛಾಯಾಚಿತ್ರ ತೆಗೆದ ಮಹಾಕಾರ್ಯದಲ್ಲಿ ದಕ್ಷಿಣ ಕ್ರಾಂತಿಯ 17ರಿಂದ 23 ಅಂಶಗಳ ವಲಯ ಇದರ ಪಾಲಿಗೆ ಬಂತು. ಟಿ. ಪಿ. ಭಾಸ್ಕರನ್ ಮೊದಲಾದ ನಿರ್ದೇಶಕರ ಕೈಕೆಳಗೆ ದಶಕಗಳ ಕಾಲ ಇರುಳೆಲ್ಲ ಎಚ್ಚರವಿದ್ದು, ಹಗಲೆಲ್ಲ ಗಾಜಿನ ಫಲಕಗಳನ್ನು ಅಳೆದು, ಏಳೂವರೆ ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನಗಳನ್ನು ಇಲ್ಲಿ ಗೊತ್ತುಮಾಡಿದರು. ವಿವಾಹಕ್ಕೆ ಪ್ರಶಸ್ತವಾದ ಅನೂರಾಧಾ ನಕ್ಷತ್ರದ ಎರಡು ತಾರೆಗಳು ಇದೇ ವಲಯದೊಳಗೆ ಬೀಳುತ್ತವೆ. ಬೇಗಂಪೇಟೆಯಲ್ಲಿ ಆ ತಾರೆಗಳನ್ನು ವಿಕಲೆಯ ಭಾಗದವರೆಗೆ ಅಳೆಯುತ್ತಿದ್ದ ವರ್ಷಗಳಲ್ಲಿಯೇ ಸುಲ್ತಾನ್ ಬಜಾರಿನ ಮನೆಗಳಲ್ಲಿ ಅದೇ ಅನೂರಾಧೆಗೆ ಮುಹೂರ್ತ ಇಡುತ್ತಿದ್ದರು. ಒಬ್ಬರು ಇನ್ನೊಬ್ಬರನ್ನು ತಡೆಯಲಿಲ್ಲ. ಈ ಸಹವಾಸಕ್ಕೆ ಭಂಗ ಬಂದದ್ದು 2001ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗವು ಜ್ಯೋತಿರ್ವಿಜ್ಞಾನವೆಂಬ ಹೆಸರಿನಲ್ಲಿ ಜ್ಯೋತಿಷವನ್ನು ಪದವಿಗಳಲ್ಲಿ ಬೋಧಿಸಲು ಹೊರಟಾಗ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಸ್ಥಾಪಕರಾದ ಪಿ. ಎಂ. ಭಾರ್ಗವ ಅದನ್ನು ವಿರೋಧಿಸಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯಕ್ಕೆ ಹೋದರು. ಅರ್ಜಿ ವಜಾ ಆಯಿತು. 2004ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ವಿಜ್ಞಾನವೆಂಬ ಬಿರುದಿನ ಮಟ್ಟಿಗೆ ನನ್ನ ಮನಸ್ಸು ಭಾರ್ಗವರ ಕಡೆಗಿದೆ. ಗ್ರಹಗಳು ದಂಪತಿಗಳನ್ನು ಆಳುತ್ತವೆಂದು ನಾನು ನಂಬುವವನಲ್ಲ. ಪರೀಕ್ಷೆಗೆ ನಿಲ್ಲದುದನ್ನು ವಿಜ್ಞಾನವೆಂದು ಕರೆಯುವುದರಿಂದ ಜ್ಯೋತಿಷಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಗೌರವವಿಲ್ಲ.

ಹಾಗಾದರೆ ಇಲ್ಲದ ಆಕಾಶದ ಈ ಕುಂಡಲಿಯ ವಿಷಯವಾಗಿ ಇಷ್ಟೊಂದು ಬರೆಯುವುದೇಕೆಂದು ಓದುಗರು ಕೇಳಿಯಾರು. ಆಚಾರ್ಯರ ಮನೆಯಲ್ಲಿ ಆ ಹಾಳೆ ಮಾಡಿದ ಕೆಲಸವನ್ನು ಕಣ್ಣಾರೆ ಕಂಡದ್ದರಿಂದ ಬರೆಯುತ್ತಿದ್ದೇನೆ. ಅವರ ಪತ್ನಿಯ ಜಾತಕದಲ್ಲಿ ಚತುರ್ಥಭಾವಕ್ಕೆ ಶನಿಯ ಸಂಬಂಧವಿತ್ತಂತೆ. ನಾಲ್ಕನೆಯದು ಗೃಹಸ್ಥಾನ, ಮದುವೆಯಾದಂದಿನಿಂದ ಸ್ವಂತ ಮನೆಯ ಯೋಗ ಕೂಡಿಬರದೆ ಬಾಡಿಗೆಯ ಮನೆಗಳನ್ನು ಬದಲಾಯಿಸುತ್ತ ಹೋದಂತೆಲ್ಲ, ಸೊಸೆ ತಂದ ಶನಿಯಿಂದಲೇ ಹೀಗಾಯಿತೆಂಬ ಮಾತು ಅತ್ತೆಯ ಬಾಯಿಂದ ಮೊದಲಾಗಿ, ನಾದಿನಿಯರ ಬಾಯಿಗೆ ಹೋಗಿ, ಕೊನೆಗೆ ಯಾರೂ ಆಡದೆ ಇದ್ದರೂ ಮನೆಯ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಸಂಯುಕ್ತ ಕುಂಡಲಿಯಲ್ಲಿಯೂ ಶನಿ ನಾಲ್ಕನೆಯ ಮನೆಗೇ ಬಂದಿದ್ದ. ಆಚಾರ್ಯರು ಅದನ್ನು ಓದಿ ಹೇಳಿದಾಗ, ಹೆಸರುಬೇಳೆ ಆರಿಸುತ್ತಿದ್ದ ಆ ತಾಯಿ ಮೊರವನ್ನು ಕೆಳಗಿಟ್ಟರು.

“ಅಂದ್ರ ಈ ಶನಿ ನನ್ನದಲ್ಲ ಅಂದಂಗಾತು.”

“ನಿನ್ನದೂ ಅಲ್ಲ, ನನ್ನದೂ ಅಲ್ಲ. ನಿನ್ನ ಶನಿಯಿಂದ ಎಷ್ಟು ದೂರ ಅದಾನೋ ನನ್ನ ಶನಿಯಿಂದಲೂ ಅಷ್ಟೇ ದೂರ ಅದಾನ.”

“ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ರೀ?”

ಆಚಾರ್ಯರು ಕೂಡಲೇ ಉತ್ತರ ಕೊಡಲಿಲ್ಲ. ಬಳಿಕ ಅವರು ಆಡಿದ ಮಾತು ಜ್ಯೋತಿಷದ್ದಾಗಿರಲಿಲ್ಲ. ಊರಿನಲ್ಲಿ ತಮ್ಮಂದಿರ ಓದಿಗೆ ಹಣ ಕಳುಹಿಸಿದ್ದು, ಕಂತು ಕಟ್ಟಿ ಕೊಂಡುಕೊಳ್ಳಬಹುದಾಗಿದ್ದ ಒಂದು ನಿವೇಶನವನ್ನು ಸಾಲದ ಭಯದಿಂದ ತಾವೇ ಬಿಟ್ಟುಕೊಟ್ಟದ್ದು, ಅದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟದ್ದು, ಇವೆಲ್ಲವೂ ಒಂದೊಂದಾಗಿ ಹೊರಕ್ಕೆ ಬಂದುವು. ಹೆಂಡತಿಯೂ ತಮ್ಮ ಪಾಲನ್ನು ಹೇಳಿದರು: ತೌರಿನವರು ಕೊಡಲು ಬಂದ ಸಹಾಯವನ್ನು ಅಭಿಮಾನದಿಂದ ಬೇಡವೆಂದುದು ತಾವೇ ಎಂದು. ನಾನು ಎದ್ದುಹೋಗಬೇಕೋ ಕುಳಿತಿರಬೇಕೋ ತಿಳಿಯದೆ ಕುಳಿತಿದ್ದೆ. ಅವರಿಬ್ಬರಿಗೂ ಆಗ ನನ್ನ ಇರವು ಗಣನೆಗೆ ಬಂದಂತೆ ಕಾಣಲಿಲ್ಲ.

ಸಂಯುಕ್ತ ಕುಂಡಲಿಯ ಸಾರವೆಂದು ನಾನು ತಿಳಿದಿರುವುದು ಇಷ್ಟೇ. ಅದರ ಪ್ರತಿಯೊಂದು ಬಿಂದುವೂ ಇಬ್ಬರ ಅರ್ಧಾರ್ಧದಿಂದ ಕೂಡಿ ಆದುದು. ಗಣಿತದ ಕಟ್ಟೇ ಹಾಗಿರುವುದರಿಂದ ಅದರಲ್ಲಿ ಕಾಣುವ ಯಾವ ದೋಷವನ್ನೂ ಒಬ್ಬರ ತಲೆಗೆ ಕಟ್ಟುವುದಕ್ಕೆ ಬರುವುದಿಲ್ಲ. ಅಲ್ಲಿ ಮೂಲಾ ನಕ್ಷತ್ರದ ಹೆಣ್ಣಿಲ್ಲ, ಕುಜದೋಷದ ಗಂಡಿಲ್ಲ. ಒಬ್ಬ ಕುಜನಿದ್ದಾನೆ, ಅವನ ಉಗ್ರತೆಗೆ ಇಬ್ಬರೂ ಸಮಭಾಗಿಗಳು. ಸಾಲಾವಳಿಯು ಇಬ್ಬರು ವ್ಯಕ್ತಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಇವರನ್ನು ಕೂಡಿಸಬಹುದೇ ಎಂದು ವಿಚಾರಣೆ ನಡೆಸಿದರೆ, ಈ ಕುಂಡಲಿಯು ಕೂಡಿಯಾದವರ ಮುಂದೆ ಅವರ ಸಂಬಂಧವನ್ನೇ ಇಟ್ಟು, ಇದಕ್ಕೇನು ಬೇಕಾಗಿದೆ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಆಕಾಶದಿಂದ ಬರುವುದಿಲ್ಲ. ಆದರೆ ಜೀವಮಾನವೆಲ್ಲ ಗ್ರಹಗಳ ಭಾಷೆಯಲ್ಲಿಯೇ ದೂಷಣೆಯನ್ನು ಕೇಳಿದ ಹೆಣ್ಣೊಬ್ಬಳಿಗೆ ವಿಮೋಚನೆಯೂ ಅದೇ ಭಾಷೆಯಲ್ಲಿ ಬಂದರೆ ಅದು ಮನಸ್ಸಿಗೆ ನಾಟುವ ಬಗೆಯೇ ಬೇರೆ. ಅಂಕಿ-ಅಂಶಗಳ ಗ್ರಂಥವೊಂದನ್ನು ಕೈಗಿತ್ತು ಶನಿಗೂ ಮನೆಗೂ ಸಂಬಂಧವಿಲ್ಲವೆಂದು ನಾನು ಆ ತಾಯಿಗೆ ಹೇಳಿದ್ದರೆ, ಅವರು ತಲೆದೂಗಿ ಬೇಳೆ ಆರಿಸುವುದನ್ನು ಮುಂದುವರಿಸುತ್ತಿದ್ದರು.

ದಾಂಪತ್ಯಕ್ಕೆ ಪ್ರತ್ಯೇಕವಾದ ಜನ್ಮವುಂಟೆಂಬ ಭಾವನೆ ನಮ್ಮವರಿಗೆ ಪರಕೀಯವೇನಲ್ಲ. ಮುಹೂರ್ತವೆಂದರೆ ಮತ್ತೇನು? ಹೈದರಾಬಾದಿನ ತೆಲುಗರ ಮದುವೆಯಲ್ಲಿಯೂ ನಮ್ಮವರ ಮದುವೆಯಲ್ಲಿಯೂ ವಧೂವರರ ನಡುವೆ ಅಂತಃಪಟ ಹಿಡಿದು, ನಿಶ್ಚಿತವಾದ ಕ್ಷಣ ಬಂದೊಡನೆ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲವನ್ನು ಇಡುತ್ತಾರೆ. ಪುರೋಹಿತರ ಕಣ್ಣು ಆಗ ಗಡಿಯಾರದ ಮೇಲಿರುತ್ತದೆ, ಸಭೆಯೆಲ್ಲ ಅಕ್ಷತೆಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತಿರುತ್ತದೆ. ಸಪ್ತಮಶುದ್ಧಿ, ಅಷ್ಟಮದಲ್ಲಿ ಕುಜನಿಲ್ಲದಿರುವುದು ಮೊದಲಾದುವನ್ನು ನೋಡಿ ಆ ಕ್ಷಣಕ್ಕೆ ಬರೆದ ಲಗ್ನಕುಂಡಲಿಯು ದಂಪತಿಗಳಿಬ್ಬರಿಗೂ ಸೇರಿ ಒಂದೇ ಒಂದು. ಅದು ನಿಜವಾದ ಆಕಾಶದ್ದು, ಸಾಕ್ಷಿಗಳು ನೂರಾರು ಮಂದಿ, ಜನ್ಮವೇಳೆಯ ಸಂದೇಹವೇ ಇಲ್ಲ. ಅಷ್ಟಿದ್ದೂ ನಾವು ಆ ಕುಂಡಲಿಯನ್ನು ಲಗ್ನಪತ್ರಿಕೆಯ ಮೂಲೆಯಲ್ಲಿ ಅಚ್ಚುಹಾಕಿಸಿ ಮರೆತುಬಿಡುತ್ತೇವೆ. ಗಂಡಹೆಂಡಿರಲ್ಲಿ ವಿರಸ ಹುಟ್ಟಿದಾಗ ಅದನ್ನು ಯಾರೂ ತೆಗೆದು ನೋಡುವುದಿಲ್ಲ, ಪುನಃ ಹೆಣ್ಣಿನ ಪತ್ರಿಕೆಯೇ ಚಾಪೆಯ ಮೇಲೆ ಬರುತ್ತದೆ. ಪಶ್ಚಿಮದವರು ಅರ್ಧ ಶತಮಾನದ ಹಿಂದೆ ಮಧ್ಯಬಿಂದುಗಳ ಕಸರತ್ತಿನಿಂದ ಸಾಧಿಸಹೊರಟುದು ನಮ್ಮ ಅಂತಃಪಟದ ಎರಡು ಮಗ್ಗುಲಲ್ಲಿ ಸಹಜವಾಗಿಯೇ ಇತ್ತೆಂಬುದನ್ನು ಆಚಾರ್ಯರಿಗೆ ನಾನು ಹೇಳಿದಾಗ, ಅವರು ತಮ್ಮ ವಿವಾಹದ ಲಗ್ನಪತ್ರಿಕೆಯನ್ನು ಹುಡುಕಲು ಹೆಂಡತಿಗೆ ಹೇಳಿದರು. ಅದು ಸಿಕ್ಕಿತು, ಆ ಕುಂಡಲಿಯಲ್ಲಿ ಶನಿ ಹನ್ನೊಂದರಲ್ಲಿದ್ದ, ಲಾಭಸ್ಥಾನದಲ್ಲಿ.

ಈ ಸಂಗತಿ ನೆರೆಹೊರೆಯಲ್ಲಿ ಹಬ್ಬಿ, ಈಗ ಕೆಲವರು ಆಚಾರ್ಯರಲ್ಲಿಗೆ ಬಂದು ತಮ್ಮದನ್ನೂ ಬರೆದುಕೊಡಬೇಕೆಂದು ಕೇಳುತ್ತಾರಂತೆ. ಮದುವೆಯಾಗಿ ವರ್ಷಗಳು ಕಳೆದವರಿಗೆ, ಇಬ್ಬರೂ ಕೂಡಿ ಬಂದರೆ ಮಾತ್ರ, ಅವರು ಬರೆದುಕೊಡುತ್ತಾರೆ. ಗಂಡೊಬ್ಬನೇ ಬಂದರೆ ಹಿಂದಕ್ಕೆ ಕಳುಹಿಸುತ್ತಾರೆ. ಸಂಬಂಧ ನೋಡುತ್ತಿರುವವರಿಗೆ ಕಡಾಖಂಡಿತವಾಗಿ ಇಲ್ಲವೆನ್ನುತ್ತಾರೆ. ಅದು ಯುಕ್ತವೆಂದು ನನ್ನ ದೃಢವಾದ ಮತ. ಹುಟ್ಟದ ಸಂಬಂಧಕ್ಕೆ ಜಾತಕ ಬರೆದರೆ ಅದು ಸಂಬಂಧವನ್ನು ಕೊಲ್ಲುವ ಇನ್ನೊಂದು ನೆಪವಾಗುವುದಲ್ಲದೆ ಬೇರೇನೂ ಆಗದು.

ಕೋಠಿಯ ಬೀದಿಗಳಲ್ಲಿ ಜೆರಾಕ್ಸ್ ಅಂಗಡಿಗಳಲ್ಲಿಯೇ ಗಣಕಯಂತ್ರವಿಟ್ಟುಕೊಂಡು, ಜನ್ಮದಿನ ಜನ್ಮವೇಳೆಗಳನ್ನು ಹೇಳಿದರೆ ಒಂದು ನಿಮಿಷದಲ್ಲಿ 36ಕ್ಕೆ ಎಷ್ಟೆಂದು ಅಚ್ಚುಮಾಡಿ ಕೊಡುವವರಿದ್ದಾರೆ. ಅಂಗೈಯ ಫೋನಿನಲ್ಲಿ ಅದಕ್ಕೂ ಬೇಗ ಬರುತ್ತದೆ. ಸಂಯುಕ್ತ ಕುಂಡಲಿಯೂ ನಾಳೆ ಅವರ ಕೈಗೆ ಬರುವುದರಲ್ಲಿ ಸಂಶಯವಿಲ್ಲ; ಬಂದಾಗ ಅದಕ್ಕೂ ನೂರಕ್ಕೆ ಇಷ್ಟೆಂದು ಅಂಕ ಹಾಕುವ ಆಸೆ ಹುಟ್ಟದಿರದು, ಏಕೆಂದರೆ ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ಅದನ್ನೊಂದು ಮಾಡಬಾರದೆಂದು ಇಂಥ ಕಾರ್ಯಕ್ರಮಗಳನ್ನು ಬರೆಯುವ ಮಾಧಾಪುರ, ಗಚ್ಚಿಬೌಲಿಗಳ ತರುಣರಲ್ಲಿ ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಒಂದು ಸಂಖ್ಯೆ ಕಾಗದದ ಮೇಲೆ ಬಂದ ಮರುಗಳಿಗೆಯಲ್ಲಿ, ಆ ಸಂಖ್ಯೆಯನ್ನು ಯಾರ ಗ್ರಹ ಕೆಳಕ್ಕೆಳೆಯಿತೆಂದು ಯಾರಾದರೊಬ್ಬರು ಕೇಳುತ್ತಾರೆ. ಮಧ್ಯಬಿಂದುವನ್ನು ಒಡೆದು ಹಿಂದಕ್ಕೆ ಎರಡು ಜಾತಕಗಳಾಗಿ ಮಾಡುವುದು ಇಬ್ಬರ ಜನ್ಮವಿವರಗಳನ್ನೂ ಒಳಗಿಟ್ಟುಕೊಂಡ ಗಣಕಯಂತ್ರಕ್ಕೆ ಕ್ಷಣದ ಕೆಲಸ, ಮಲಕ್‌ಪೇಟೆಯ ಆ ಹುಡುಗಿಯ ಮೂಲಾ ನಕ್ಷತ್ರ ಅದರೊಳಗಿಂದ ಪುನಃ ಹೊರಕ್ಕೆ ಬರುತ್ತದೆ.